ಮೊದಲು ಕಾಪಿ, ಆಮೇಲೆ ರಿಪೇರಿ

ವರ್ಡ್‌ನಲ್ಲಿ ಫೈಲು ತೆರೆಯುವಾಗ ‘ಅನ್‌ರೀಡಬಲ್ ಕಂಟೆಂಟ್’ (ಓದಲಾಗದ ವಿಷಯ) ಎಂಬ ಎರರ್ ಬಂದರೆ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ ಎಂದು ಬರೆದಿದ್ದೀರಿ. ಅಷ್ಟೆಲ್ಲ ಬೇಡ ಸರ್. ಸಾಮಾನ್ಯವಾಗಿ ಕೆಟ್ಟಿರುವುದು ಫೈಲು, ವರ್ಡ್ ಅಲ್ಲ. ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಪೆನ್‌ಡ್ರೈವ್ ಸುಮ್ನೆ ಕಿತ್ತುಕೊಂಡು ಬಂದವರ ಥೀಸಿಸ್‌ಗಳೇ ಜಾಸ್ತಿ ಹೀಗಾಗುತ್ತವೆ. ಮೊದಲು ಫೈಲಿನ ಕಾಪಿ ಮಾಡಿಕೊಳ್ಳುತ್ತೇನೆ. ಆಮೇಲೆ ವರ್ಡ್‌ನ ಓಪನ್ ಕಿಟಕಿಯಲ್ಲಿ ಆ ಕಾಪಿಯನ್ನು ಆರಿಸಿ, ಓಪನ್ ಬಟನ್ ಪಕ್ಕದ ಸಣ್ಣ ಬಾಣ ಒತ್ತಿ ‘ಓಪನ್ ಅಂಡ್ ರಿಪೇರ್’ ಕೊಡುತ್ತೇನೆ. ಅದೂ ಆಗದಿದ್ದರೆ? ವರ್ಡ್ 2007ರಿಂದ ಬಂದ ಡಾಕ್‌ಎಕ್ಸ್ (.docx) ಫೈಲು ಒಳಗೆ ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿದ ಜಿಪ್ ಗಂಟೇ ಅಲ್ವಾ. ಕಾಪಿಯ ಹೆಸರಿನ ಕೊನೆಯ ‘.docx’ ಅನ್ನು ‘.zip’ ಎಂದು ಬದಲಿಸಿ ಬಿಚ್ಚಿದರೆ, ಎಷ್ಟೋ ಸಲ ‘ಮೀಡಿಯಾ’ ಫೋಲ್ಡರಿನಲ್ಲಿ ಚಿತ್ರಗಳಾದರೂ ಸಿಗುತ್ತವೆ. ಇನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಗಾಬರಿ ಬೇಡ. ಅದು ಎರರ್ ಅಲ್ಲ, ಫಾಂಟ್ ಇಲ್ಲ ಅಷ್ಟೇ.