ಸ್ಪಷ್ಟನೆ: ಸ್ಪ್ರಿಂಗ್ ಕತ್ತರಿಸುವುದು ಲೋವರಿಂಗ್ ಸ್ಪ್ರಿಂಗಿಗೆ ಸಮವಲ್ಲ

'ಹಳೆಯ ಸಿಟಿ ವಿಟೆಕ್, ಆಕ್ಟೇವಿಯಾ ಆರ್‌ಎಸ್ ಕಾರುಗಳ ಎತ್ತರ ತಗ್ಗಿಸಲು ಚಕ್ರದ ಬಳಿಯ ಮೂಲ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಸಾಕು, ಹೊಸ ಲೋವರಿಂಗ್ ಸ್ಪ್ರಿಂಗ್ (ಎತ್ತರ ತಗ್ಗಿಸಲೆಂದೇ ತಯಾರಿಸಿದ್ದು) ದಂಡ' ಎಂಬ ಸಂದೇಶ ಕುಂಬಳೆ, ಉಪ್ಪಳದ ಕಾರುಪ್ರಿಯರಲ್ಲಿ ಹರಿದಾಡುತ್ತಿದೆ. ದಯವಿಟ್ಟು ನಂಬಬೇಡಿ.

ಕತ್ತರಿಸಿದರೆ ಸ್ಪ್ರಿಂಗ್ ಗಡುಸಾಗುವುದು ನಿಜ: ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದು ಹೋದರೆ ಶೇ 20ರಷ್ಟು. ಆದರೆ ಉದ್ದವೂ ಕುಗ್ಗುತ್ತದೆ. ಜಾಕ್ ಕೊಟ್ಟು ಚಕ್ರ ನೇತುಬಿದ್ದಾಗ ಸ್ಪ್ರಿಂಗ್ ಕೈಯಲ್ಲೇ ಗಿರ್ರನೆ ತಿರುಗಿದರೆ, ಚೆರ್ಕಳ–ಜಾಲ್ಸೂರು ರಸ್ತೆಯ ಗುಂಡಿಯೊಂದರಲ್ಲಿ ಅದು ತನ್ನ ಜಾಗದಿಂದ ಜಾರಬಹುದು. ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ಕುಗ್ಗಿಸುವುದಂತೂ ಬೇಡವೇ ಬೇಡ. ಉಕ್ಕಿನ ಹದವೇ ಕೆಡುತ್ತದೆ.

ಲೋವರಿಂಗ್ ಸ್ಪ್ರಿಂಗನ್ನು ಅದೇ ಮಾದರಿ, ಅದೇ ಎಂಜಿನ್ನಿನ ತೂಕಕ್ಕೆ ತಯಾರಿಸಿದ್ದೇ ಎಂದು ಖಚಿತಪಡಿಸಿಕೊಳ್ಳಿ. ನಮ್ಮ ಹಂಪು, ಮಳೆಗಾಲದ ರಸ್ತೆಗಳಿಗೆ 25–30 ಮಿ.ಮೀ. ತಗ್ಗಿಸುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಎಣ್ಣೆ ಜಿನುಗುವ ಹಳೆಯ ಶಾಕ್ ಅಬ್ಸಾರ್ಬರ್ ಉಳಿಸಿಕೊಂಡು ಗಡುಸು ಸ್ಪ್ರಿಂಗ್ ಹಾಕಿದರೆ ಕಾರು ಪುಟಿಯುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ.

'ಎತ್ತರ ತಗ್ಗಿಸಲು ಕಾನೂನಿನ ಅಡ್ಡಿಯಿಲ್ಲ' ಎಂಬ ಮಾತೂ ಸರಿಯಲ್ಲ. ತಯಾರಕರ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.