ಡಬ್ಬಿಯಿಂದಲೇ ಕುಡಿದು ಅಂಕ ಕೊಟ್ಟರೆ ಹೇಗೆ?

ನಿಮ್ಮ ರುಚಿ ಹೋಲಿಕೆಯಲ್ಲಿ ಆರು ಬ್ರ್ಯಾಂಡ್‌ಗಳ ರೂಟ್ ಬಿಯರ್ ಅನ್ನು (ಬೇರಿನ ರುಚಿಯ, ಮದ್ಯವಿಲ್ಲದ ಅಮೆರಿಕದ ಸಿಹಿ ಸೋಡಾ) ಫ್ರಿಜ್‌ನಿಂದ ತೆಗೆದ ಡಬ್ಬಿಯಲ್ಲೇ ಕುಡಿದು ಎ ಆ್ಯಂಡ್ ಡಬ್ಲ್ಯೂಗೆ ಮೊದಲ ಸ್ಥಾನ, ಬಾರ್ಕ್ಸ್‌ಗೆ ಕೊನೆಯದು ಕೊಟ್ಟಿದ್ದೀರಿ. ತಕರಾರು ಪಟ್ಟಿಯ ಬಗ್ಗೆ ಅಲ್ಲ, ವಿಧಾನದ ಬಗ್ಗೆ. ತೀರಾ ತಣ್ಣಗಿದ್ದರೆ ಸಿಹಿಯೂ ಪರಿಮಳವೂ ಮಂಕಾಗಿ, ಗ್ಯಾಸಿನ ಚುರುಕಷ್ಟೇ ನಾಲಿಗೆಗೆ ಸಿಗುತ್ತದೆ. ಡಬ್ಬಿಯ ಸಣ್ಣ ಬಾಯಿಂದ ವಾಸನೆ ಮೂಗಿಗೆ ಬರುವುದೂ ಕಷ್ಟ.

ಹೀಗೆ ಮಾಡಿ: ಒಂದೇ ಅಳತೆಯ ಗಾಜಿನ ಲೋಟಗಳಿಗೆ ನಂಬರ್ ಅಂಟಿಸಿ, ಬೇರೆಯವರ ಕೈಲಿ 100 ಮಿ.ಲೀ. ಸುರಿಸಿ. 7–8 ಡಿಗ್ರಿ ಸಾಕು. ಮೊದಲು ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ; ಅದಕ್ಕೆಂದೇ ಕೆಲವು ಕಂಪನಿಗಳು ಯಕ್ಕಾ ಎಂಬ ಗಿಡದ ಸಾರ ಹಾಕುತ್ತವೆ. ಆಮೇಲೆ ಮೂಸಿ, ಎರಡು ಗುಟುಕು ಕುಡಿಯಿರಿ. ನಡುವೆ ಉಗುರುಬೆಚ್ಚಗಿನ ನೀರು, ಒಂದು ತುಂಡು ಸಪ್ಪೆ ಬ್ರೆಡ್. ವಿಂಟರ್‌ಗ್ರೀನ್ ಎಂಬ ಗಿಡದ ಪರಿಮಳ ಜೋರಾಗಿರುವುದನ್ನು (ಹೌದು, ಆ ನೋವಿನ ಮುಲಾಮಿನ ವಾಸನೆಯೇ) ಕೊನೆಗಿಡಿ, ಇಲ್ಲದಿದ್ದರೆ ಮುಂದಿನದೆಲ್ಲ ಅದೇ ರುಚಿ. 20 ನಿಮಿಷ ಬಿಟ್ಟು ಗ್ಯಾಸ್ ಇಳಿದ ಮೇಲೆ ಮತ್ತೊಮ್ಮೆ ಕುಡಿಯಿರಿ; ಬರೀ ಸಕ್ಕರೆಪಾಕದಂತಹವು ಆಗ ಸಿಕ್ಕಿಬೀಳುತ್ತವೆ.

ಬಾರ್ಕ್ಸ್ ಕೆನೆಯಂತಿಲ್ಲ ಎಂದು ಅಂಕ ಕಡಿದದ್ದು ಅನ್ಯಾಯ. ಅದು ವೆನಿಲಾ ಮುಂದಿಟ್ಟ ಬಗೆಯೇ ಅಲ್ಲ. ಮಾಮೂಲಿ ಡಬ್ಬಿಯಲ್ಲಿ ಕೆಫೀನೂ ಇದೆ. ಕೆನೆಯಂತಹ ಬಗೆಗೂ ಇಂತಹದಕ್ಕೂ ಬೇರೆ ಬೇರೆ ಪಟ್ಟಿ ಬೇಕು. ‘ಅಸಲಿ ಸ್ಯಾಸಫ್ರಾಸ್ ರುಚಿ’ (ರೂಟ್ ಬಿಯರ್‌ಗೆ ಹಿಂದೆ ಬಳಸುತ್ತಿದ್ದ ಮರದ ಬೇರು) ಎಂದದ್ದನ್ನೂ ತಿದ್ದಿ: 1960ರಲ್ಲಿ ಅಮೆರಿಕದಲ್ಲಿ ಆ ಬೇರಿನ ಎಣ್ಣೆಯಲ್ಲಿರುವ ಸ್ಯಾಫ್ರೋಲ್ ನಿಷೇಧವಾದ ಮೇಲೆ ಅದನ್ನು ತೆಗೆದ ಸಾರ ಅಥವಾ ಕೃತಕ ಪರಿಮಳವೇ ಗತಿ. ನಮ್ಮ ಸೊಗದೆ ಬೇರಿನ ಶರಬತ್ತು ಕುಡಿದವರಿಗೆ ರೂಟ್ ಬಿಯರ್‌ನ ವೆನಿಲಾದಂತಹ ಬೇರಿನ ಘಮ ಹೊಸದೆನಿಸದು, ಗಿಡ ಮಾತ್ರ ಬೇರೆ.