ಸೆಪ್ಟೆಂಬರ್‌ಗೆ ಸರಿಯಾಗಿ ಸಿಕ್ಕ ಕಾರಣ

ಅಮೆರಿಕದ ಆರೋಗ್ಯ ಸಚಿವ ಕೆನಡಿ ಸಾಹೇಬರು ಮಾತಿಗೆ ತಪ್ಪುವವರಲ್ಲ. ಆಟಿಸಂ ಯಾಕೆ ಬರುತ್ತೆ ಅಂತ ಸೆಪ್ಟೆಂಬರ್ ಒಳಗೆ ಹೇಳ್ತೀವಿ ಅಂತ 2025ರ ಏಪ್ರಿಲ್‌ನಲ್ಲೇ ಡೇಟ್ ಕೊಟ್ಟಿದ್ದರು. ಸೆಪ್ಟೆಂಬರ್ 22ಕ್ಕೆ ಶ್ವೇತಭವನದಲ್ಲಿ ಅಪರಾಧಿ ಸಿಕ್ಕೇಬಿಟ್ಟ. ಟೈಲೆನಾಲ್! ಅಂದರೆ ಪ್ಯಾರಸಿಟಮಾಲ್, ನಮ್ಮ ಬೆಂಗಳೂರಿನ ಕಂಪನಿಯ ಡೋಲೋದಲ್ಲಿ ಇರುವುದೂ ಅದೇ. ಅಮೆರಿಕದಲ್ಲಿ ಅದಕ್ಕೆ ಅಸಿಟಾಮಿನೋಫೆನ್ ಅಂತಾರೆ. ಆ ಹೆಸರು ಹೇಳಲು ಟ್ರಂಪ್ ನಾಲಿಗೆ ಹೊರಳಲಿಲ್ಲ. ಬಸುರಿಯರು ತಗೊಂಡರೆ ಮಗುವಿಗೆ ಆಟಿಸಂ ಬರಬಹುದು, ನುಂಗಬೇಡಿ ಅಂತ ಮಾತ್ರ ಹೇಳಿದರು. ಉಚ್ಚರಿಸೋಕೆ ಬಾರದ್ದನ್ನು ನುಂಗಬೇಡಿ ಅನ್ನೋದು ಒಂದು ಲೆಕ್ಕಕ್ಕೆ ನ್ಯಾಯವೇ.

ಟ್ರಂಪ್ ಹೇಳೋ ಪ್ರಕಾರ ಕ್ಯೂಬಾದಲ್ಲಿ ಟೈಲೆನಾಲ್ ಇಲ್ಲವಂತೆ, ಅದಕ್ಕೇ ಅಲ್ಲಿ ಆಟಿಸಮ್ಮೂ ಇಲ್ಲವಂತೆ. ಪಾಪ, ಹವಾನಾದಲ್ಲಿ ಆಟಿಸಂ ಇರುವ ಮಕ್ಕಳಿಗೇ ಅಂತ ಇರುವ ಶಾಲೆಯಲ್ಲಿ ಮೇಷ್ಟ್ರುಗಳು ಬೆಳಿಗ್ಗೆ ಹೋಗಿ ಏನು ಮಾಡ್ತಾರೋ! ಲಿಯೋ ಕ್ಯಾನರ್ ಎಂಬ ವೈದ್ಯ ಆಟಿಸಂ ಬಗ್ಗೆ ಬರೆದದ್ದು 1943ರಲ್ಲಿ, ಟೈಲೆನಾಲ್ ಅಂಗಡಿಗೆ ಬಂದದ್ದು 1955ರಲ್ಲಿ. ಮಾತ್ರೆ ಹುಟ್ಟುವ ಮೊದಲೇ ಅದರ ಸೈಡ್ ಎಫೆಕ್ಟ್! ಎಂಥ ಪವರ್‌ಫುಲ್ ಔಷಧಿ ನೋಡಿ.

ಸ್ವೀಡನ್‌ನವರು ಸುಮಾರು 25 ಲಕ್ಷ ಮಕ್ಕಳ ದಾಖಲೆ ತೆಗೆದು ನೋಡಿ 2024ರಲ್ಲೇ ಪ್ರಕಟಿಸಿದ್ದರು. ಒಬ್ಬಳೇ ತಾಯಿ, ಒಂದು ಬಸುರಿನಲ್ಲಿ ಮಾತ್ರೆ ತಗೊಂಡಿದ್ದಾಳೆ, ಇನ್ನೊಂದರಲ್ಲಿ ತಗೊಂಡಿಲ್ಲ. ಅಂಥ ಒಡಹುಟ್ಟಿದವರನ್ನು ಹೋಲಿಸಿದರೆ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಸ್ವೀಡನ್‌ನವರಿಗೆ ಸೆಪ್ಟೆಂಬರ್ ಗಡುವು ಇರಲಿಲ್ಲವಲ್ಲ!

ಇಷ್ಟಕ್ಕೂ ಇದು ಹೊಸ ಆಟವೇನಲ್ಲ. ಒಂದು ಕಾಲಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳು 'ಫ್ರಿಜ್ಜಿನಂಥ ತಾಯಂದಿರು' ಅಂದರು. ಅಮ್ಮನ ಪ್ರೀತಿ ತಣ್ಣಗಿದ್ದರೆ ಮಗುವಿಗೆ ಆಟಿಸಂ! 1998ರಲ್ಲಿ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ಡಾಕ್ಟರ್ ಬರೀ 12 ಮಕ್ಕಳನ್ನು ಮುಂದಿಟ್ಟುಕೊಂಡು ಲೇಖನ ಬರೆದು, ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆ ಮೇಲೆ ತಪ್ಪು ಹೊರಿಸಿದ. ಆ ಲೇಖನ 2010ರಲ್ಲಿ ರದ್ದಾಯಿತು, ಅವನ ಡಾಕ್ಟರ್ ಲೈಸೆನ್ಸೂ ಹೋಯಿತು. ಲಸಿಕೆ ಹಾಕಿಸಿದ ತಾಯಂದಿರಿಗೆ ಹತ್ತಿದ ಅಳುಕು ಹೋಯಿತಾ? ನಮ್ಮ ಮನೆಗಳಲ್ಲಂತೂ ಸಂಶೋಧನೆಯೇ ಬೇಕಿಲ್ಲ. ಗ್ರಹಣದಲ್ಲಿ ಹೊರಗೆ ಬಂದಳು, ಮೊಬೈಲ್ ನೋಡಿದಳು, ಕೆಲಸಕ್ಕೆ ಹೋದಳು. ಮುಗೀತು.

ಆಟಿಸಂನಲ್ಲಿ ವಂಶವಾಹಿಗಳದ್ದೇ ದೊಡ್ಡ ಪಾಲು. ಐದು ದೇಶಗಳ ಅಧ್ಯಯನವೊಂದರಲ್ಲಿ ಶೇ 80ರ ಆಸುಪಾಸು. ಅವು ಅಪ್ಪನಿಂದಲೂ ಬರುತ್ತವೆ. ಅಪ್ಪನ ವಯಸ್ಸು ಏರಿದಂತೆ ಸಾಧ್ಯತೆಯೂ ಸ್ವಲ್ಪ ಏರುತ್ತೆ. ಗಂಡಸರೇ, ನಲವತ್ತಾದ ಮೇಲೆ ತಡೆದುಕೊಳ್ಳಿ ಅಂತ ಯಾವ ಅಧ್ಯಕ್ಷರೂ ಮೈಕ್ ಹಿಡಿಯಲ್ಲ. ತಡೆದುಕೊಳ್ಳಿ ಅಂತ ಹೇಳಿದ್ದು ಬಸುರಿಗೆ. ಹೇಳಿದವರಿಗೆ ಆಗ 79 ವರ್ಷ. ನಡುರಾತ್ರಿ 103 ಡಿಗ್ರಿ ಜ್ವರದಲ್ಲಿ ಅವಳು ಮಾತ್ರೆ ಕೈಯಲ್ಲಿ ಹಿಡಿದು ಹೆದರಿ ಕೂತರೆ ಯಾರು ಹೊಣೆ? ಆ ಜ್ವರವೇ ಮಗುವಿಗೆ ಅಪಾಯ ಕಣ್ರೀ. ಸಾಕು ಮಾಡಿ. ನಾಚಿಕೆಯಾದರೂ ಬೇಡವಾ?

ಆಮೇಲೆ ನವೆಂಬರ್ ಬಂತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವೆಬ್‌ಸೈಟಿನಲ್ಲಿ 'ಲಸಿಕೆಯಿಂದ ಆಟಿಸಂ ಬರಲ್ಲ' ಅನ್ನೋ ತಲೆಬರಹ ಹಾಗೇ ಇದೆ, ಪಕ್ಕಕ್ಕೊಂದು ನಕ್ಷತ್ರ ಚಿಹ್ನೆ ಸೇರಿದೆ. ನಿವೇಶನದ ಜಾಹೀರಾತಿನ 'ಷರತ್ತುಗಳು ಅನ್ವಯ' ಥರ. ಕೆಳಗೆ ಹೋಗಿ ನೋಡಿದರೆ, ಸೆನೆಟ್ ಆರೋಗ್ಯ ಸಮಿತಿ ಅಧ್ಯಕ್ಷರ ಜೊತೆ ಒಪ್ಪಂದ ಆಗಿರೋದರಿಂದ ಆ ಸಾಲನ್ನು ತೆಗೆದಿಲ್ಲ ಅಂತ ಬರೆದಿದ್ದಾರೆ.